ದಂಡಿನ ಬಂಗಲೆ ಮಾರಲು ಹೊರಟ ವರ್ಷ

ಹೋದ ವರ್ಷ ಊಟಿಯಲ್ಲಿ ನಾನೊಂದು ಎಡವಟ್ಟು ಮಾಡಿದೆ. ನಾವು ಇಳಿದುಕೊಂಡಿದ್ದ ಹಳೆಯ ಕಾಟೇಜಿನ ಹಾಲಿನಲ್ಲಿ, ಗೋಡೆಯೊಳಗೆ ಒಂದು ಬೆಂಕಿಗೂಡಿತ್ತು. ಬಿಳಿಯರು ಚಳಿ ಕಾಯಿಸಿಕೊಳ್ಳಲು ಕಟ್ಟಿಸಿಕೊಳ್ಳುತ್ತಿದ್ದರಲ್ಲ, ಅಂಥದ್ದು. ಆಗತಾನೆ ಮಳೆ ಬಂದು ನಿಂತಿತ್ತು. ಒದ್ದೆ ಮಸಿ, ಹಳೆಯ ಗಾರೆ, ಎರಡೂ ಕಲೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಆ ಗೂಡಿಗೆ ಎರಡೂ ಕೈ ಜೋಡಿಸಿಬಿಟ್ಟೆ. ನನ್ನ ಯಜಮಾನರು ಸೂಟ್‌ಕೇಸು ಹಿಡಿದು ಬಾಗಿಲಲ್ಲೇ ನಿಂತರು.

"ಏನಿದು, ಬೂದಿಗೂ ಕೈ ಮುಗಿಯಾಕ ಹತ್ತಿದಿ?" ಅಂದರು.

"ನಮ್ಮ ಮನಿ ದೇವ್ರು ಇದ್ದದ್ದ ಇಂಥದ್ರಾಗ" ಅಂದೆ. ಅವರು ನಕ್ಕರು. ನಾನೂ ನಕ್ಕೆ. ಆದರೆ ಆ ದಿನವೆಲ್ಲ ನನ್ನ ಮನಸ್ಸು ಊಟಿಯಲ್ಲಿರಲಿಲ್ಲ, ಬಳ್ಳಾರಿಯಲ್ಲಿತ್ತು.

ನಮ್ಮ ಮನೆ ಬಳ್ಳಾರಿಯ ದಂಡಿನಲ್ಲಿತ್ತು. ಕಂಟೋನ್ಮೆಂಟನ್ನು ಹಳಬರು ಹಾಗೆಯೇ ಕರೆಯುತ್ತಿದ್ದರು. ಬಿಳಿಯರ ಕಾಲದಲ್ಲಿ ಒಬ್ಬ ಮಿಲಿಟರಿ ಡಾಕ್ಟರ್ ಕಟ್ಟಿಸಿದ ಬಂಗಲೆ ಅದು. ನಮ್ಮ ಅಜ್ಜ ದಂಡಿನ ಕುದುರೆಗಳಿಗೆ ಹುರುಳಿ ಒದಗಿಸುತ್ತಿದ್ದರು. ಡಾಕ್ಟರ್ ತನ್ನ ದೇಶಕ್ಕೆ ಹೊರಟಾಗ ಮನೆಯನ್ನು ಅಜ್ಜನಿಗೇ ಮಾರಿ ಹೋದನಂತೆ. ಆ ಡಾಕ್ಟರಿಗೆ ಬಳ್ಳಾರಿಯಲ್ಲಿ ಎಲ್ಲಿ ಚಳಿಯಾಯಿತೋ ಇವತ್ತಿಗೂ ನನಗೆ ಗೊತ್ತಿಲ್ಲ. ನಮ್ಮೂರಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ. ಅಂಥ ಊರಿನಲ್ಲಿ ಆ ಪುಣ್ಯಾತ್ಮ ಎಂಟು ಮೂಲೆಯ ನಡುಮನೆ ಕಟ್ಟಿಸಿ, ಅದರ ಗೋಡೆಯಲ್ಲಿ ಬೆಂಕಿಗೂಡು ಮಾಡಿಸಿ, ಹೊಗೆ ಹೋಗಲು ತಾರಸಿಯ ಮೇಲೆ ಉದ್ದನೆಯ ಕೊಳವೆ ಎಬ್ಬಿಸಿದ್ದ. ಮನೆಗೆ ಬಂದ ಅಜ್ಜಿ ಸುತ್ತ ನೋಡಿದಳಂತೆ. ದೇವರಮನೆ ಅಂತ ಎಲ್ಲೂ ಇಲ್ಲ. ಗೋಡೆಯಲ್ಲಿ ಮಾತ್ರ ಕಲ್ಲಿನ ಅಂಚು ಕಟ್ಟಿದ, ಒಪ್ಪವಾದ ಒಂದು ಗೂಡು. ಇದು ದೇವರಿಗಲ್ಲದೆ ಮತ್ತೆ ಯಾರಿಗೆ ಎಂದು ತೊಳೆದು, ಸುಣ್ಣ ಬಳಿದು, ಅಡ್ಡವಾಗಿ ಮೂರು ಬೆರಳು ವಿಭೂತಿ ಎಳೆದು, ವೀರಭದ್ರನನ್ನೂ ಕುರುಗೋಡಿನ ದೊಡ್ಡ ಬಸವಣ್ಣನ ಪಟವನ್ನೂ ಒಳಗೆ ಕೂರಿಸಿಬಿಟ್ಟಳು. ಲೋಬಾನದ ಹೊಗೆ ಕೊಳವೆ ಹಿಡಿದು ನೇರ ಮೇಲಕ್ಕೆ ಹೋಗುತ್ತಿತ್ತು. "ಬ್ಯಾರೆಯವರ ಮನಿ ಲೋಬಾನ ಮಾಡು ಮುಟ್ಟತೈತಿ, ನಮ್ದು ಸೀದಾ ಕೈಲಾಸ" ಎಂದು ಅಜ್ಜಿ ಜಂಬ ಪಡುತ್ತಿದ್ದಳು.

ಇನ್ನೊಂದು ವಿಚಿತ್ರವೆಂದರೆ ಅಡುಗೆಮನೆ. ಬಿಳಿಯರಿಗೆ ಅಡುಗೆಯ ಹೊಗೆ ಆಗಿಬರುತ್ತಿರಲಿಲ್ಲವಂತೆ. ಅದಕ್ಕೆ ಅಡುಗೆಮನೆಯನ್ನು ಅಂಗಳದ ಆ ತುದಿಗೆ, ಬಂಗಲೆಗೆ ಸೋಕದ ಹಾಗೆ ಬೇರೆಯಾಗಿ ಕಟ್ಟಿಸಿದ್ದ ಆ ಡಾಕ್ಟರ್. ಅಂಗಳದ ಕಡೆಗೆ ಅದಕ್ಕಿದ್ದದ್ದು ಒಂದು ಬಾಗಿಲು, ಒಂದು ಅಗಲವಾದ ಕಿಟಕಿ ಅಷ್ಟೆ. ಬಿಸಿಲಲ್ಲಿ ಕಾದ ಹಾಸುಗಲ್ಲಿನ ಮೇಲೆ ಅನ್ನದ ತಪ್ಪೇಲಿ ಹಿಡಿದು ಅವ್ವ ಓಡುತ್ತ ಬರುವುದನ್ನು ನೋಡುತ್ತಲೇ ನಾನು ಬೆಳೆದೆ. ಅಜ್ಜಿ ಇರುವವರೆಗೆ ಅತ್ತೆ ಸೊಸೆ ಇಬ್ಬರೂ ಒಲೆಯ ಮುಂದೆ ಕುಳಿತು ಜಗಳವನ್ನಾದರೂ ಆಡುತ್ತಿದ್ದರು. ಅಜ್ಜಿ ತೀರಿಕೊಂಡ ಮೇಲೆ ಅಡುಗೆಮನೆಯಿಂದ ಪಾತ್ರೆಯ ಸದ್ದೊಂದೇ ಬರತೊಡಗಿತು. ದೊಡ್ಡ ಕಾಂಪೌಂಡು, ಬೇವಿನ ಮರಗಳು, ದೂರದಲ್ಲಿ ರಸ್ತೆ. ಸುತ್ತಲಿನ ಬಂಗಲೆಗಳಲ್ಲಿ ಇದ್ದದ್ದು ಆಫೀಸುಗಳು. ಕರೆದರೆ ಓ ಎನ್ನುವ ನೆರೆಮನೆ ಇರಲಿಲ್ಲ.

ಎಪ್ಪತ್ತೆಂಟನೇ ಇಸವಿಯ ಯುಗಾದಿ. ನಾನು ಟಿಸಿಎಚ್ ಮುಗಿಸಿ ಮೇಷ್ಟ್ರಮ್ಮನಾಗುವ ಆರ್ಡರಿಗೆ ಕಾಯುತ್ತಿದ್ದೆ. ಹೋಳಿಗೆ ಬಡಿಸುತ್ತ ಬಡಿಸುತ್ತ ಅವ್ವ ಅಪ್ಪನಿಗೆ ಹೇಳಿಬಿಟ್ಟಳು.

"ಈ ಮನಿ ಮಾರ್ರಿ. ಸಿರುಗುಪ್ಪದಾಗ ನಮ್ಮ ಅಕ್ಕನ ಓಣ್ಯಾಗ ಒಂದು ಸಣ್ಣ ಮನಿ ನೋಡೂಣು. ಮುಂದ ನಾಕ್ ಮಂದಿ ಹಾದು ಹೋಗಬೇಕು, ಏನ್ ಅಡಿಗಿ ಮಾಡೀವಾ ಅಂತ ಕೇಳಬೇಕು. ಗಿರಿಜಾನೂ ನೌಕರಿಗೆ ಹೋದ್ಲಂದ್ರ ನಾ ಇಲ್ಲಿ ಯಾರ ಕೂಡ ಮಾತಾಡ್ಲಿ? ಪಾರಿವಾಳದ ಕೂಡ?"

ಅಪ್ಪ ಕೈಯಲ್ಲಿದ್ದ ತುತ್ತು ಬಾಯಿಗಿಟ್ಟುಕೊಂಡರು. ಆಮೇಲೆ "ಆತು, ಮಾರೂಣು" ಅಂದರು. ನನಗೆ ಆಶ್ಚರ್ಯವಾಯಿತು, ಅಪ್ಪ ಇಷ್ಟು ಸಲೀಸಾಗಿ ಯಾವುದಕ್ಕೂ ಒಪ್ಪಿದವರಲ್ಲ.

ಅಪ್ಪ ಹತ್ತಿ ಮಾರುಕಟ್ಟೆಯಲ್ಲಿ ದಲಾಲರು. ಎಂಥ ಕಸ ಹತ್ತಿಯನ್ನೂ ಹಿಂಜಿ, ಎಳೆ ಎಳೆದು ತೋರಿಸಿ, ಮಾತಿನಲ್ಲೇ ರೇಷ್ಮೆ ಮಾಡಿ ಮಾರುವವರು. ಅವರಿಗೆ ಮನೆ ಮಾರುವುದು ಯಾವ ಲೆಕ್ಕ ಅಂದುಕೊಂಡೆವು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿದರೇ ಹೊರತು, ಮನೆ ಮಾರಿ ನೋಡು ಅಂತ ಒಬ್ಬರೂ ಹೇಳಿಟ್ಟಿರಲಿಲ್ಲ.

ಭಾನುವಾರ ಭಾನುವಾರ ಗಿರಾಕಿಗಳು ಬರತೊಡಗಿದರು. ಬಂದವರಿಗೆ ಮನೆ ತೋರಿಸುವ ಕೆಲಸ ನನ್ನದು. ನನಗೋ ಹುಟ್ಟುಗುಣ, ಬೇರೆಯವರ ವಿಷಯದಲ್ಲಿ ಎಲ್ಲಿಲ್ಲದ ಆಸಕ್ತಿ. ಯಾರು ಯಾವುದನ್ನು ಮೊದಲು ನೋಡುತ್ತಾರೆ, ಯಾವುದನ್ನು ಮುಟ್ಟುತ್ತಾರೆ ಎಂದು ಕಣ್ಣಿಟ್ಟು ನೋಡುತ್ತಿದ್ದೆ. ಗಂಡಸರು ತಲೆಯೆತ್ತಿ ತಾರಸಿ ನೋಡುತ್ತಿದ್ದರು. ಹೆಂಗಸರು ಮಾತ್ರ ಮೂರು ಕೋಣೆ ದಾಟುವಷ್ಟರಲ್ಲಿ "ಅಡಿಗಿಮನಿ ಎಲ್ಲೈತವಾ?" ಅನ್ನುತ್ತಿದ್ದರು. ನಾನು ಅಂಗಳದಾಚೆ ಬೆರಳು ತೋರಿಸುತ್ತಿದ್ದೆ. ಅವರ ಮುಖ ಅಲ್ಲಿಗೇ ಇಳಿಯುತ್ತಿತ್ತು.

ಕುರುಗೋಡಿನಿಂದ ಬಂದ ಒಬ್ಬ ಜವಳಿ ಸಾಹುಕಾರರು ಬಾಗಿಲು ಎಣಿಸಲು ನಿಂತರು. ನಮ್ಮ ಕಡೆ ಮನೆಯ ಬಾಗಿಲುಗಳು ಸರಿಸಂಖ್ಯೆಯಲ್ಲಿರಬೇಕು. ಬಿಳಿಯನ ಮನೆಯಲ್ಲಿ ಸ್ನಾನದ ಕೋಣೆಗೂ ಹಿಂದಿನಿಂದ ಒಂದೊಂದು ಬಾಗಿಲು. ಸಾಹುಕಾರರು ಎಷ್ಟು ಸಲ ಎಣಿಸಿದರೂ ಬೆಸ. "ಒಂದು ಬಾಗಿಲು ಕಿತ್ತಿದ್ರ ಆತು" ಎಂದು ಅವರು ಹೇಳಿದಾಗ, ತಮ್ಮ ಹಲ್ಲನ್ನೇ ಕೀಳಲು ಬಂದರೇನೋ ಎಂಬಂತೆ ಅಪ್ಪ ಬಾಯಿ ಮುಚ್ಚಿಕೊಂಡರು. ಅವರ ಜೊತೆ ಬಂದಿದ್ದ ಮುದುಕಿಯೊಬ್ಬರು ದೇವರಗೂಡಿನೊಳಗೆ ತಲೆ ಹಾಕಿ ಮೇಲೆ ನೋಡಿ, "ಎವ್ವಾ, ದೇವ್ರ ತಲಿ ಮ್ಯಾಲ ಆಕಾಶ ಕಾಣತೈತಿ!" ಎಂದು ಗಲ್ಲ ಗಲ್ಲ ಬಡಿದುಕೊಂಡರು.

ಅಷ್ಟಾದರೂ ಕೆಲವರಿಗೆ ಮನೆ ಹಿಡಿಸುತ್ತಿತ್ತು. ಅಂಥವರು ಅಪ್ಪನ ಜೊತೆ ವರಾಂಡದ ಬೆಂಚಿನ ಮೇಲೆ ಕೂರುತ್ತಿದ್ದರು. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಇಬ್ಬರ ಕೈ ಮೇಲೂ ಹಾಸುತ್ತಿದ್ದರು. ದಲಾಲರು ರೇಟನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು, ಒತ್ತಿ, ಬಿಟ್ಟು ಹೇಳುತ್ತಾರೆ. ಒಪ್ಪಿಗೆಯಾದರೆ ಅದೇ ಥರ ತಿರುಗಿ ಒತ್ತಬೇಕು. ಪಕ್ಕದಲ್ಲಿ ನಿಂತವನಿಗೂ ಏನಾಯಿತೆಂದು ತಿಳಿಯುವುದಿಲ್ಲ. ನಗುತ್ತ ಕೈಯಿಟ್ಟ ಗಿರಾಕಿ, ಬೆಂಕಿ ಮುಟ್ಟಿದವನ ಹಾಗೆ ಕೈ ಎಳೆದುಕೊಂಡು, "ಬರ್ತೀನ್ರಿ, ಮನ್ಯಾಗ ಕೇಳಿ ಹೇಳ್ತೀನಿ" ಎಂದು ಚಪ್ಪಲಿ ಮೆಟ್ಟುತ್ತಿದ್ದ. ಅಪ್ಪ ಏನು ಒತ್ತುತ್ತಿದ್ದರು? ನನಗೆ ಆ ಬೇಸಿಗೆಯಲ್ಲಿ ಸೆಖೆಗಿಂತ ಈ ಪ್ರಶ್ನೆಯೇ ಹೆಚ್ಚು ಕಾಡಿತು. ಕೇಳಿದರೆ "ಟವೆಲ್ ಕೆಳಗಿಂದು ಟವೆಲ್ ಕೆಳಗ ಇರಬೇಕವಾ" ಅನ್ನುತ್ತಿದ್ದರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಕಲಗಚ್ಚಿನ ಬಾನಿಯಲ್ಲಿ ಬಿತ್ತಂತೆ ಎಂದು ಅವ್ವ ಗೊಣಗುತ್ತಿದ್ದಳು.

ಗುಟ್ಟು ಬಿಚ್ಚಿದವನು ಮಂಗಳೂರು ಕಡೆಯ ಒಬ್ಬ ಇಂಜಿನಿಯರು. ಕಾಲುವೆ ಕೆಲಸಕ್ಕೆ ಬಂದಿದ್ದವನು, ಸಂಸಾರ ತರಬೇಕೆಂದು ಮನೆ ಹುಡುಕುತ್ತಿದ್ದ. ಅವನಿಗೆ ಎಂಟು ಮೂಲೆಯ ನಡುಮನೆ ನೋಡಿ ಖುಷಿಯೋ ಖುಷಿ. ಅಪ್ಪ ಟವೆಲ್ ಹಾಸಿದರು. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಇಂಜಿನಿಯರು ಮುಗುಳ್ನಗುತ್ತಿದ್ದಾನೆ, ಅಪ್ಪನ ಮುಖ ಬಿಳಚಿಕೊಂಡಿದೆ. ನೀರು ಕುಡಿದು ಬರುತ್ತೇನೆಂದು ಅಪ್ಪ ಎದ್ದು ಒಳಗೆ ಹೋಗಿಬಿಟ್ಟರು. ಅವ್ವ ಒಗ್ಗರಣೆ ಮಂಡಾಳು, ಮೆಣಸಿನಕಾಯಿ ಬಜಿ ತಂದಳು.

"ನಿಮ್ಮ ಯಜಮಾನರು ಎಷ್ಟು ಪ್ರೀತಿಯವರು ಮಾರಾಯ್ರೆ!" ಅಂದ ಇಂಜಿನಿಯರು. "ಗುರುತಿಲ್ಲ ಪರಿಚಯವಿಲ್ಲ, ಬಿಸಿಲಿಗೆ ಕೈ ಸುಡಬಾರದು ಅಂತ ಬಟ್ಟೆ ಹೊದಿಸಿ ಕೈ ಹಿಡ್ಕೊಂಡ್ರು. ಮೊದಲು ಎಲ್ಲ ಬೆರಳೂ ಹಿಡಿದ್ರು, ಬಿಟ್ರು, ಮತ್ತೆ ಹಿಡಿದ್ರು. ನಾನೂ ಸುಮ್ಮನಿರಬಾರದು ಅಂತ ಹಾಗೇ ಹಿಡಿದೆ."

ಅವ್ವನ ಕೈಯಲ್ಲಿದ್ದ ತಟ್ಟೆ ಗಾಳಿಯಲ್ಲೇ ನಿಂತಿತು. ದಲಾಲರ ಹೆಂಡತಿ, ಬೆರಳಿನ ಭಾಷೆ ಅವಳಿಗೂ ಗೊತ್ತು. ಆ ದುಡ್ಡಿಗೆ ಬಳ್ಳಾರಿಯಲ್ಲಿ ಇಂಥವೇ ಎರಡು ಬಂಗಲೆ ಬರುತ್ತಿದ್ದವು! ಅದಕ್ಕಿಂತ ದೊಡ್ಡ ಮಾತು ಇನ್ನೊಂದಿತ್ತು. ಆ ರೇಟಿಗೂ ಗಿರಾಕಿ ಒಪ್ಪಿದ ಎಂದುಕೊಂಡಾಗ ಅಪ್ಪ ಹಿಗ್ಗಬೇಕಾಗಿತ್ತು, ಬೆವರಿದ್ದರು. ಪಾಪ, ಇಂಜಿನಿಯರು ಬಾಯಿಮಾತಿನಲ್ಲಿ ಬೆಲೆ ಕೇಳಿ ತಿಳಿದುಕೊಂಡು, ಅರ್ಧ ಬಜಿ ಬಿಟ್ಟು ಹೊರಟುಹೋದ.

ಅವ್ವ ಅಪ್ಪನ ಎದುರು ನಿಂತಳು. "ಮಾರೂ ಮನಸಿಲ್ಲಂದ್ರ ಬಾಯಿ ಬಿಟ್ಟು ಹೇಳ್ರಿ. ಟವೆಲ್ ಕೆಳಗ ಯಾಕ ಹೇಳ್ತೀರಿ?"

ಅಪ್ಪ ಗೋಡೆ ನೋಡುತ್ತ ಹೇಳಿದರು. "ನಮ್ಮಪ್ಪ ಹುರುಳಿ ಚೀಲ ಹೊತ್ಕೊಂಡು ಈ ಮನಿ ಹಿಂದಿನ ಬಾಗ್ಲಿಗೆ ಬರ್ತಿದ್ದ. ಮುಂದಿನ ಬಾಗ್ಲಾಗ ನಿಂದ್ರಾಕ ಬಿಡ್ತಿರಲಿಲ್ಲ. ಅದ ಬಾಗ್ಲದ ಕೀಲಿ ಕೈಗೆ ಬಂದ ದಿನ ಅತ್ನಂತ. ಅದನ್ನ ನಾ ಹೆಂಗ ಇನ್ನೊಬ್ಬರಿಗೆ ಕೊಡ್ಲಿ?"

"ನಿಮ್ಮಪ್ಪ ಹಿಂದಿನ ಬಾಗ್ಲಿಂದ ಮುಂದಿನ ಬಾಗ್ಲಿಗೆ ಬಂದ್ರು" ಅಂದಳು ಅವ್ವ. "ನಾ ಲಗ್ನಾಗಿ ಬಂದಾಗಿಂದ ಅಂಗಳದಾಚೆ ಅದೀನಿ. ಇನ್ನ ಮನ್ಯಾಗ ಬಂದಿಲ್ಲ ನೋಡ್ರಿ ನಾನು."

ನನಗೆ ಇಬ್ಬರ ಮೇಲೂ ಕನಿಕರ ಬಂತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಅಪ್ಪನಿಗೆ ಆ ಮನೆ ಹಾಗೆ. ಆದರೆ ಆ ಹೆಗ್ಗಣವನ್ನು ಸಾಕಿದವಳು ಅವ್ವ. ಕಡೆಗೆ ಅವಳೇ ತೀರ್ಪು ಕೊಟ್ಟಳು, ಇನ್ನು ಮೇಲೆ ರೇಟು ಹೇಳುವುದು ತಾನು ಎಂದು. ಗಂಡಸರ ಕೈ ನೀನು ಹೇಗೆ ಹಿಡಿಯುತ್ತೀ ಎಂದು ಅಪ್ಪ ಕೇಳಲಿಲ್ಲ. ಕೇಳುವ ಮುಖ ಅವರಿಗೆ ಉಳಿದಿರಲಿಲ್ಲ.

ಆಮೇಲೆ ಬಹಳ ದಿನ ಯಾರೂ ಬರಲಿಲ್ಲ. ಬೇಸಿಗೆ ಕಳೆಯಿತು. ಶ್ರಾವಣದಲ್ಲಿ, ಮೋಡ ಕವಿದ ಒಂದು ಮಧ್ಯಾಹ್ನ ಸಿರುಗುಪ್ಪದ ಬಸ್ಸಿಳಿದು ಒಬ್ಬ ಹೆಂಗಸು ಬಂದರು. ಹೆಸರು ರತ್ನಮ್ಮ. ಕಾಲುವೆ ನೀರು ಬಂದಾಗ ಆಂಧ್ರದಿಂದ ಬಂದು ಭತ್ತದ ಗದ್ದೆ ಮಾಡಿ ನೆಲೆ ನಿಂತವರು, ಗಂಡ ಸಿರುಗುಪ್ಪದಲ್ಲಿ ಅಕ್ಕಿ ಮಿಲ್ಲು ಹಾಕಿದ್ದರು. ಇಬ್ಬರು ಹೆಣ್ಣುಮಕ್ಕಳನ್ನು ಬಳ್ಳಾರಿಯಲ್ಲಿ ಓದಿಸಬೇಕು, ತಾನು ಮಕ್ಕಳ ಜೊತೆ ಇಲ್ಲಿರುವುದು, ಗಂಡ ಮಿಲ್ಲು ನೋಡಿಕೊಂಡು ಅಲ್ಲಿರುವುದು ಎಂದು ಲೆಕ್ಕ ಹಾಕಿಕೊಂಡು ಬಂದಿದ್ದರು. ತೆಲುಗು ಕಲೆತ ಕನ್ನಡ, ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು.

ಅವರು ನಡುಮನೆಗೆ ಕಾಲಿಡುವುದಕ್ಕೂ ಮಳೆ ಸುರಿಯುವುದಕ್ಕೂ ಸರಿಹೋಯಿತು. ಬಳ್ಳಾರಿಗೆ ಬರದ ಮಳೆ, ಬಂದರೆ ಹಾಗೆಯೇ. ಹೊಗೆಯ ಕೊಳವೆಯಿಂದ ನೀರು ಮಸಿಯ ಸಮೇತ ಇಳಿದು ವೀರಭದ್ರ, ಬಸವಣ್ಣ ಇಬ್ಬರ ಮೇಲೂ ಧಾರೆಯಾಯಿತು. ಗಿರಾಕಿಯ ಮುಂದೆ ಮರ್ಯಾದೆ ಹೋಯಿತೆಂದು ಅಪ್ಪ ಹಣೆ ಒತ್ತಿಕೊಂಡರು.

"ಅಯ್ಯೋ ದೇವುಡಾ! ದೇವರಿಗೇ ನೆಗಡಿ ಬರತೈತಲ್ಲ ವದಿನಾ!" ಎಂದು ರತ್ನಮ್ಮ ನುಗ್ಗಿ ಪಟಗಳನ್ನು ಎತ್ತಿಕೊಂಡು ತಮ್ಮ ಒಳ್ಳೆಯ ಸೀರೆಯ ಸೆರಗಿನಿಂದಲೇ ಒರೆಸತೊಡಗಿದರು. ವದಿನಾ ಎಂದರೆ ತೆಲುಗಿನಲ್ಲಿ ಅತ್ತಿಗೆ. ಮನೆಗೆ ಬಂದು ಒಂದು ಲೋಟ ನೀರು ಕುಡಿಯುವ ಮೊದಲೇ ಅವರು ಅವ್ವನನ್ನು ಅತ್ತಿಗೆ ಮಾಡಿಕೊಂಡಿದ್ದರು.

ಮಳೆ ಒಂದಿಷ್ಟು ಸಣ್ಣದಾದಾಗ ಅವ್ವ ಅವರನ್ನು ಅಡುಗೆಮನೆ ತೋರಿಸಲು ಕರೆದುಕೊಂಡು ಹೋದಳು. ಇಬ್ಬರೂ ಒಂದೇ ಗೋಣಿಚೀಲ ತಲೆ ಮೇಲೆ ಹಿಡಿದು ಅಂಗಳ ದಾಟಿದರು. ಅವರು ಒಳಹೊಕ್ಕದ್ದೇ ಮಳೆ ಮತ್ತೆ ಜೋರಾಯಿತು. ಅಂಗಳದ ತುಂಬ ನೀರು. ಆ ಕಡೆ ಅವರಿಬ್ಬರು, ಈ ಕಡೆ ಅಪ್ಪ ಮತ್ತು ನಾನು. ಅಡುಗೆಮನೆಯ ಕಿಟಕಿಯಲ್ಲಿ ಇಬ್ಬರೂ ಕಾಣುತ್ತಿದ್ದರು, ಮಾತು ಮಾತ್ರ ಕೇಳುತ್ತಿರಲಿಲ್ಲ. ನನಗೆ ಜೀವ ಹೋದ ಹಾಗಾಗುತ್ತಿತ್ತು. ರತ್ನಮ್ಮ ಒಲೆಗೆ ಕಟ್ಟಿಗೆ ನೂಕಿದರು. ಅವ್ವ ಏನೋ ಹೇಳಿದಳು, ಅವರು ನಕ್ಕರು. ಅವರು ಏನೋ ಕೇಳಿದರು, ಅವ್ವ ಬಹಳ ಹೊತ್ತು ಉತ್ತರ ಹೇಳಿದಳು. ಅಷ್ಟು ಉದ್ದದ ಮಾತು ಅವಳ ಬಾಯಿಂದ ಬಂದದ್ದನ್ನು ನಾನು ಅಜ್ಜಿ ಹೋದ ಮೇಲೆ ಕಂಡಿರಲಿಲ್ಲ. ಕೊನೆಗೆ ಅವ್ವ ಬಿಸಿ ಪಾತ್ರೆ ಇಳಿಸುವ ಮಸಿ ಅರಿವೆಯನ್ನು ಎತ್ತಿಕೊಂಡು ಇಬ್ಬರ ಕೈ ಮೇಲೂ ಹಾಸಿದಳು.

"ನೋಡವಾ, ನೋಡು, ವ್ಯವಹಾರಕ್ಕ ಕುಂತ್ಲು!" ಎಂದು ಅಪ್ಪ ಕಿಟಕಿಗೆ ಹತ್ತಿಕೊಂಡು ನಿಂತರು. ಟವೆಲ್ಲಿನ ಮೇಲಿನ ನೆರಿಗೆ ನೋಡಿ ಕೆಳಗಿನ ರೇಟು ಹೇಳಬಲ್ಲೆ ಎಂದು ಅವರು ಮಾರುಕಟ್ಟೆಯಲ್ಲಿ ಜಂಬ ಕೊಚ್ಚುತ್ತಿದ್ದದ್ದುಂಟು. ಕಣ್ಣು ಕಿರಿದು ಮಾಡಿದರು, ಕನ್ನಡಕ ಒರೆಸಿ ಹಾಕಿಕೊಂಡರು.

"ಎಷ್ಟು ಒತ್ತಿದ್ಲಪ್ಪಾ?" ಅಂದೆ.

"ಅರಿವಿ ಅಲ್ಲಾಡವಲ್ದಲ್ಲ" ಅಂದರು ಅಪ್ಪ. ಅವರ ದನಿಯಲ್ಲಿ ಭಯವಿತ್ತು. ಕೇಳಿದಷ್ಟಕ್ಕೆ ಕೊಟ್ಟುಬಿಡುತ್ತಾಳೆ ಎಂದು ಅವರಿಗೆ ಖಾತ್ರಿಯಾಗಿತ್ತು. ಅವರು ಆ ಹೊತ್ತಿನಲ್ಲಿ ಗೋಡೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು.

ಮಳೆ ನಿಂತ ಮೇಲೆ ಇಬ್ಬರೂ ಬಂದರು. "ಕುದುರಲಿಲ್ರಿ" ಅಂದಳು ಅವ್ವ. "ಹೌದಣ್ಣಾ, ಕುದುರಲಿಲ್ಲ" ಅಂದರು ರತ್ನಮ್ಮ. ವ್ಯವಹಾರ ಮುರಿದವರ ಮುಖ ಹಾಗಿರುವುದಿಲ್ಲ. ಅಪ್ಪನಿಗೆ ಉಸಿರು ಬಂತು, ಆದರೆ ಉಸಿರಿನ ಹಿಂದೆಯೇ ಕಸುಬಿನ ಕುತೂಹಲವೂ ಬಂತು. "ಯಾಕ ಕುದುರಲಿಲ್ಲ? ಎಷ್ಟು ಹೇಳಿದಿ?"

"ಟವೆಲ್ ಕೆಳಗಿಂದು ಹೊರಗ ಹೇಳಬಾರದಂತ ನೀವ ಹೇಳ್ತೀರಲ್ರೀ" ಅಂದಳು ಅವ್ವ.

ಮುಂದಿನ ವಾರ ಅಕ್ಕಿ ಚೀಲ ಹೇರಿದ ಮಿಲ್ಲಿನ ಲಾರಿ ನಮ್ಮ ಗೇಟಿನ ಮುಂದೆ ನಿಂತಿತು. ಚೀಲಗಳ ಮೇಲೆ ಎರಡು ಟ್ರಂಕು, ಒಂದು ರುಬ್ಬುವ ಕಲ್ಲು. ಮುಂದಿನ ಸೀಟಿನಿಂದ ರತ್ನಮ್ಮ, ಅವರ ಹೆಣ್ಣುಮಕ್ಕಳು ಇಳಿದರು. ಮೂಡಣ ದಿಕ್ಕಿನ ಕೋಣೆಗಳು ಬಾಡಿಗೆಗೆ ಎಂದು ಅವ್ವ ಅಪ್ಪನಿಗೆ ಆಗ ತಿಳಿಸಿದಳು. ಅಪ್ಪ ಎದುರಾಡಲಿಲ್ಲ, ತಾವೇ ಹೋಗಿ ಮುಂದಿನ ಬಾಗಿಲಿನ ಎರಡೂ ಕದ ತೆಗೆದು ನಿಂತರು. ರುಬ್ಬುವ ಕಲ್ಲು ಮಾತ್ರ ಸೀದಾ ಅಂಗಳದಾಚೆ ಹೋಯಿತು.

ಅದೇ ತಿಂಗಳು ನನ್ನ ಆರ್ಡರು ಬಂತು, ಸಿರುಗುಪ್ಪ ತಾಲೂಕಿನ ದೇಶನೂರಿಗೆ. ಮಿಲ್ಲಿಗೆ ಹೊರಟಿದ್ದ ರತ್ನಮ್ಮನೇ ನನ್ನನ್ನು ಕರೆದುಕೊಂಡು ಹೋದರು. ಬಸ್ಸಿನ ಕಿಟಕಿಯಾಚೆ ಭತ್ತದ ಗದ್ದೆಗಳು ಹಸಿರು ಹಚ್ಚಿಕೊಂಡು ಕುಳಿತಿದ್ದವು. ಕುತೂಹಲ ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ. "ಅವತ್ತು ನಮ್ಮವ್ವ ಎಷ್ಟು ರೇಟು ಹೇಳಿದ್ಲು?"

ರತ್ನಮ್ಮ ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು. "ನಿಮ್ಮಮ್ಮ ಒಂದು ಬೆರಳೂ ಒತ್ತಲಿಲ್ಲಮ್ಮಾ. ಸುಮ್ನೆ ಕೈ ಹಿಡ್ಕೊಂಡು ಕುಂತ್ರು. ರೇಟು ಹೇಳ್ತಾರೇನೋ ಅಂತ ನಾ ಕಾದೆ, ಕಾದೆ. ಮುಖ ನೋಡಿದ್ರೆ ಕಣ್ಣಾಗ ನೀರು. 'ಈ ಅಡಿಗಿಮನ್ಯಾಗ ನಿಮ್ಮನ್ನ ಒಬ್ಬಾಕೀನ್ನ ಕುಂದ್ರಿಸಿ ನಾ ಹೆಂಗ ಹೋಗ್ಲಿ' ಅಂದ್ರು. ಇಂಥಾ ಮಾತು ಹೇಳಿ ಯಾರಾದ್ರೂ ಮನಿ ಮಾರ್ತಾರಾ? ನಾನೂ ಕೈ ಬಿಡಿಸ್ಕೊಳ್ಳಲಿಲ್ಲ."

ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. ಓಣಿ ಬೇಕು, ನಾಲ್ಕು ಮಂದಿ ಬೇಕು ಎಂದು ಯುಗಾದಿಯಿಂದ ಹಟ ಹಿಡಿದವಳು, ಕೊಳ್ಳಲು ಬಂದವರ ಕೈಯನ್ನು ಹಿಡಿದಾಗ ಮಾರಲಾರದೆ ಹೋಗಿದ್ದಳು. ಮಗಳಾಗಿ ನಾನು ಅಷ್ಟು ವರ್ಷ ಅದೇ ಒಲೆಯ ಅನ್ನ ಉಂಡಿದ್ದೆ. ಅಲ್ಲಿ ಕುಳಿತು ಅವಳ ಕೈ ಹಿಡಿಯಬಹುದೆಂದು ನನಗೆ ಹೊಳೆದಿರಲಿಲ್ಲ.

ದೀಪಾವಳಿಗೆ ಊರಿಗೆ ಹೊರಟೆ. ದೇಶನೂರಿನ ಶಾಲೆ, ಅಲ್ಲಿನ ಹೆಡ್‌ಮಾಸ್ತರರ ಮುಂಗೋಪ, ನನಗೆ ಬಾಡಿಗೆಗೆ ಕೋಣೆ ಕೊಟ್ಟ ಮುದುಕಿಯ ಪುರಾಣ, ಎಲ್ಲವನ್ನೂ ದಾರಿಯುದ್ದಕ್ಕೂ ಒಂದೊಂದಾಗಿ ಹೊಂದಿಸಿಟ್ಟುಕೊಂಡಿದ್ದೆ. ಅವ್ವ ನನ್ನ ಮಾತಿಗೆ ಹಸಿದು ಕಾಯುತ್ತಿರುತ್ತಾಳೆ ಎಂದು ನನ್ನ ನಂಬಿಕೆ. ಮೊದಲಾದರೆ ಗೇಟಿನ ಸದ್ದಾದ ಕೂಡಲೇ ಅಂಗಳಕ್ಕೆ ಓಡಿ ಬರುತ್ತಿದ್ದಳು. ಅವತ್ತು ಬರಲಿಲ್ಲ. ಅಂಗಳ ದಾಟಿ ಅಡುಗೆಮನೆಯ ಬಾಗಿಲಿಗೆ ಹೋದೆ. ಒಳಗೆ ಎಣ್ಣೆಯಲ್ಲಿ ಕರ್ಜಿಕಾಯಿ ಬೇಯುತ್ತಿತ್ತು. ಒಬ್ಬರದು ತೆಲುಗು, ಒಬ್ಬರದು ಕನ್ನಡ, ಹೂರಣಕ್ಕೆ ಏಲಕ್ಕಿ ಮೊದಲೋ ಗಸಗಸೆ ಮೊದಲೋ ಎಂಬ ವಾದ ಏರು ದನಿಯಲ್ಲಿ ನಡೆದಿತ್ತು. ಬಾಗಿಲಲ್ಲಿ ಮಗಳು ಚೀಲ ಹಿಡಿದು ನಿಂತದ್ದನ್ನು ಇಬ್ಬರೂ ನೋಡಲಿಲ್ಲ.

"ಅವ್ವಾ" ಅಂದೆ. ಕೇಳಿಸಲಿಲ್ಲ. "ಅವ್ವಾ, ನಾ ಬಂದೀನಿ."

ಅವ್ವ ನನ್ನ ಕಡೆ ತಿರುಗಿ ಹಿಟ್ಟಿನ ಕೈ ಎತ್ತಿ ತಡೆದಳು. "ಸ್ವಲ್ಪ ನಿಂದ್ರವಾ, ಇವರ ಮಾತು ಮುಗೀಲಿ."